ಮಗಳು ಡಾಕ್ಟರ್ ಆಗುವ ಮಾತೇ ಬಿಟ್ಟಿದ್ದಾಳೆ, ಅನುಭವ ಇದ್ದವರು ಹೇಳಿ

ನಾವು ಸಿಂಧನೂರಿನ ಆರ್‌ಎಚ್ ಕ್ಯಾಂಪಿನವರು, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನವರು. ನಮ್ಮಪ್ಪ ಪೂರ್ವ ಪಾಕಿಸ್ತಾನದಿಂದ ಬಂದವರು, ಮನೆಮಾತು ಬಂಗಾಳಿ. ಮಗಳು ಐದನೇ ಕ್ಲಾಸಿನಲ್ಲಿ ‘ಡಾಕ್ಟರ್ ಆಗ್ತೀನಿ’ ಅಂತಿದ್ದಳು. ಈಗ ಒಂಬತ್ತನೇ ಕ್ಲಾಸು, ಕೇಳಿದರೆ ‘ಎಸ್ಸೆಸ್ಸೆಲ್ಸಿ ಆದ್ರೆ ಸಾಕು’ ಅಂತಾಳೆ. ಬೈದೆ. ಅಂದಿನಿಂದ ಮಾತೂ ಕಡಿಮೆಯಾಗಿದೆ. ಏನು ಮಾಡಲಿ?

ಹೈಸ್ಕೂಲ್ ವಿಜ್ಞಾನ ಶಿಕ್ಷಕಿ:
ಅಣ್ಣಾ, ದಯವಿಟ್ಟು ಬೈಯಬೇಡಿ. 16 ವರ್ಷದಿಂದ ಕ್ಯಾಂಪಿನ ಮಕ್ಕಳಿಗೆ ಪಾಠ ಮಾಡ್ತಿದ್ದೀನಿ. ಎಂಟನೇ ಕ್ಲಾಸಿಗೆ ಸೇರುವಾಗ ಅವರ ಆಸೆ ಊರಿನ ಮಕ್ಕಳಿಗಿಂತ ಒಂದು ಕೈ ಹೆಚ್ಚೇ ಇರುತ್ತದೆ. ಆಮೇಲೆ ಇಳಿಯೋದು ಬುದ್ಧಿ ಕಡಿಮೆ ಅಂತಲ್ಲ, ಆ ವಯಸ್ಸಿಗೆ ಮನೆಯ ಲೆಕ್ಕ ತಿಳಿಯುತ್ತದೆ.

ಒಬ್ಬ ಹುಡುಗಿಯ ವಿಜ್ಞಾನದ ನೋಟ್‌ಬುಕ್ ತಿದ್ದುತ್ತಿದ್ದೆ. ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಹಾಸ್ಟೆಲ್, ಬಸ್ ಪಾಸ್, ಪುಸ್ತಕ, ಕೋಚಿಂಗ್ ಅಂತ ಬರೆದು ಕೂಡಿಸಿ, ಮೊತ್ತದ ಕೆಳಗೆ ಎರಡು ಗೆರೆ ಎಳೆದಿದ್ದಳು. ಅದರಡಿ ಒಂದೇ ಪದ: ‘ಟೇಲರಿಂಗ್’. ಅಪ್ಪನನ್ನು ಕೇಳೇ ಇರಲಿಲ್ಲ! ಇಬ್ಬರೂ ಕೂತು ಲೆಕ್ಕ ತಿದ್ದಿದೆವು. ಖಾಸಗಿ ಕಾಲೇಜಿನ ಫೀಸನ್ನೇ ಸರ್ಕಾರಿ ಪಿಯು ಕಾಲೇಜಿನದ್ದು ಅಂದುಕೊಂಡಿದ್ದಳು, ಸರ್ಕಾರಿ ಹಾಸ್ಟೆಲ್ ಗೊತ್ತೇ ಇರಲಿಲ್ಲ. ಈಗ ಅವಳು ನರ್ಸ್. ಡಾಕ್ಟರ್ ಆಗಲಿಲ್ಲ ನಿಜ, ಆದರೆ ಅದು ಪಿಯು ಓದಿದ ಮೇಲೆ ಅವಳೇ ಯೋಚಿಸಿ ಆರಿಸಿದ್ದು, ಹೆದರಿ ಬಿಟ್ಟಿದ್ದಲ್ಲ.

ಇನ್ನೊಂದು ಭಯ ಇಂಗ್ಲಿಷ್. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಪಿಯು ಸೈನ್ಸ್‌ಗೆ ಹೋದರೆ ಪುಸ್ತಕವೆಲ್ಲ ಇಂಗ್ಲಿಷ್. ಡಾಕ್ಟರ್ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ನ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಇದನ್ನು ಮೊದಲು ಹೇಳಿ. ಪದಗಳ ರೂಢಿ ಮಾತ್ರ ಈಗಿಂದಲೇ ಬೇಕು. ನಾನು ದಿನಕ್ಕೆ ಐದು ಪದ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೋರ್ಡಿನ ಮೂಲೆಗೆ ಬರೆಯುತ್ತೇನೆ.

ಕ್ಯಾಂಪಿನ ಹುಡುಗ, ಕೃಷಿ ಪದವೀಧರ:
ಕಾಕಾ, ಟೀಚರ್ ಹೇಳಿದ್ದು ಸರಿ. ನಾನೂ ಒಂಬತ್ತರಲ್ಲಿ ‘ಗದ್ದೆ ನೋಡ್ಕೋತೀನಿ’ ಅಂದಿದ್ದೆ. ನಮ್ಮ ಮುಂದೆ ಓದಿ ಹೋದವರು ಯಾರೂ ಕಣ್ಣಿಗೆ ಬೀಳ್ತಿರಲಿಲ್ಲ.

ಕಾಗದ ಮಾತ್ರ ಈಗಲೇ ಜೋಡಿಸಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಕೊಡುವ ಪ್ರಮಾಣಪತ್ರ ಇದ್ದರೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ಹೊರಗಿನವುಗಳಲ್ಲಿ ಶೇ. 8 ಸೀಟು ಸ್ಥಳೀಯರಿಗೆ ಮೀಸಲು. ಕೊಡೋದು ಸಹಾಯಕ ಆಯುಕ್ತರ ಕಚೇರಿ. ನಮ್ಮ ಮನೆಯಲ್ಲಿ ಅಜ್ಜನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇತ್ತು, ಸರಿಮಾಡಿಸಲು ಎರಡು ತಿಂಗಳು ಹಿಡಿಯಿತು. ಸೀಟು ಹಂಚುವ ಹೊತ್ತಿಗೆ ಓಡಾಡಿದ್ದರೆ ಕೈತಪ್ಪುತ್ತಿತ್ತು.

ದುರ್ಗಾಪೂಜೆಗೆ ಊರಿಗೆ ಬರ್ತೀನಿ. ತಂಗೀನ ಪಂಡಾಲ್ ಹತ್ರ ಕರ್ಕೊಂಡು ಬನ್ನಿ, ಬಂಗಾಳಿಯಲ್ಲೇ ಕೂತು ಮಾತಾಡ್ತೀನಿ.