ಮಳೆಗಾಲಕ್ಕೆ ಮನೆಗೆ ಜನರೇಟರ್ ತಗೋಬೇಕು, ಆಕ್ಸಿಜನ್ ಮೆಷಿನ್ ಇದೆ, ಎಷ್ಟು ಕೆವಿಎ ಬೇಕಾಗುತ್ತೆ?

ಆಗುಂಬೆ_ಸೈಡ್
ಎಲ್ರಿಗೂ ನಮಸ್ಕಾರ. ನಮ್ಮನೆ ತೀರ್ಥಹಳ್ಳಿ ತಾಲೂಕು, ಆಗುಂಬೆ ಕಡೆ. ಗಾಳಿಮಳೆ ಹಿಡೀತು ಅಂದ್ರೆ ಎಲ್ಲೋ ಮರ ಬಿದ್ದು ಲೈನ್ ಹೋಗುತ್ತೆ, ಒಂದೊಂದ್ಸಲ ಎರಡು ಮೂರು ದಿನ ಕರೆಂಟೇ ಇರಲ್ಲ. ಇಷ್ಟು ವರ್ಷ ಇನ್ವರ್ಟರ್‌ನಲ್ಲಿ (150 ಎಎಚ್, ಒಂದೇ ಬ್ಯಾಟರಿ) ಹೇಗೋ ನಡೀತಿತ್ತು, ಆದ್ರೆ ಈಗ ಅಪ್ಪಯ್ಯಂಗೆ ಡಾಕ್ಟ್ರು 5 ಲೀಟರ್ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರೆ ಮಾಡಿ ಕೊಡೋ ಕರೆಂಟ್ ಮೆಷಿನ್) ಬರ್ಕೊಟ್ಟಿದಾರೆ, ನಿಮಿಷಕ್ಕೆ 2 ಲೀಟರ್ ಇಟ್ಟು ಹಗಲು ರಾತ್ರಿ ಹಾಕ್ಬೇಕು. ಫ್ರಿಜ್ಜಲ್ಲಿ ಅಮ್ಮನ ಇನ್ಸುಲಿನ್ ಇರುತ್ತೆ, ಬಾವಿಗೆ 1 ಎಚ್‌ಪಿ ಪಂಪ್ ಇದೆ. ಪೇಟೇಲಿ ಒಂದು ಅಂಗಡಿಯವ್ರು 5 ಕೆವಿಎ ತಗೊಳ್ಳಿ ಅಂತಾರೆ, ಇನ್ನೊಬ್ರು 1 ಕೆವಿಎ ಸಾಕು ಅಂತಾರೆ. ಇನ್ವರ್ಟರ್ ಜನರೇಟರ್ ಅಂತ ಬೇರೆ ಬರುತ್ತಂತೆ, ರೇಟ್ ಜಾಸ್ತಿ. ಯಾವ್ದು ತಗೊಳ್ಳೋದು? ಗೊತ್ತಿರೋರು ದಯವಿಟ್ಟು ಹೇಳಿ.

ವೈಂಡಿಂಗ್_ಸಾಗರ
ಸರ್, ಕೆವಿಎ (ಜನರೇಟರ್ ಎಷ್ಟು ಲೋಡ್ ಹೊರುತ್ತೆ ಅನ್ನೋ ಅಳತೆ, 1 ಕೆವಿಎ ಅಂದ್ರೆ ಸಾವಿರ ವ್ಯಾಟಿಗಿಂತ ಸ್ವಲ್ಪ ಕಮ್ಮಿ) ಆಮೇಲೆ ನೋಡೋಣ, ಮೊದ್ಲು ಏನೇನು ಓಡಿಸ್ಬೇಕು ಅಂತ ಒಂದು ಚೀಟೀಲಿ ಬರೀರಿ. 5 ಲೀಟರ್ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ (ಹಿಂದ್ಗಡೆ ಲೇಬಲ್ ನೋಡಿ, ನೀವು 2ಕ್ಕೆ ಇಟ್ರೂ ಅದು ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತೆ), ಫ್ರಿಜ್ 150, ಲೈಟು ಫ್ಯಾನು ಮೊಬೈಲು ಎಲ್ಲ ಸೇರಿ ಇನ್ನೊಂದು 150. ಒಟ್ಟು 650 ಆಯ್ತು. ಹಾಗಾದ್ರೆ 1 ಕೆವಿಎ ಸಾಕಲ್ಲ ಅನ್ಸುತ್ತೆ, ಆದ್ರೆ ಫ್ರಿಜ್ ಕಂಪ್ರೆಸರ್ ಸ್ಟಾರ್ಟ್ ಆಗೋ ಹೊತ್ತಿಗೆ ಒಂದು ಕ್ಷಣ ಐದಾರು ಪಟ್ಟು ಎಳೆಯುತ್ತೆ, 1 ಕೆವಿಎ ಆಗ ಕೂತ್ಬಿಡುತ್ತೆ, ಕಾನ್ಸಂಟ್ರೇಟರೂ ಅದರ ಜೊತೆ ನಿಲ್ಲುತ್ತೆ. ನಿಮಗೆ 2 ರಿಂದ 2.2 ಕೆವಿಎ ಸರಿ ಹೋಗುತ್ತೆ.

ಪಂಪನ್ನ ಈ ಲೆಕ್ಕಕ್ಕೆ ಸೇರಿಸ್ಬೇಡಿ. 1 ಎಚ್‌ಪಿ ಅಂದ್ರೆ 746 ವ್ಯಾಟ್ ಅಂತ ಬರೆದಿದ್ರೂ ಎಳೆಯೋದು ಸಾವಿರದ ಮೇಲೆ, ಸ್ಟಾರ್ಟಿಂಗಿಗೆ ಅದರ ಮೂರು ಪಟ್ಟಾದ್ರೂ ಬೇಕು. ಅದೊಂದಕ್ಕೋಸ್ಕರ 5 ಕೆವಿಎ ತಗೊಂಡ್ರೆ ದಿನವಿಡೀ ಸಣ್ಣ ಲೋಡಿಗೆ ದೊಡ್ಡ ಇಂಜಿನ್ ಓಡಿಸಿ ಪೆಟ್ರೋಲ್ ಸುಟ್ಟಂಗೆ. ಕರೆಂಟ್ ಇರುವಾಗ್ಲೇ ಟ್ಯಾಂಕ್ ತುಂಬಿಸಿಡಿ, ಬಾವಿಗೆ ಹಗ್ಗ ರಾಟೆ ಹೆಂಗೂ ಇರುತ್ತಲ್ಲ.

ಇನ್ವರ್ಟರ್ ಟೈಪ್ ಬಗ್ಗೆ: ದುಡ್ಡಿದ್ರೆ ಅದೇ ತಗೊಳ್ಳಿ. ಲೋಡ್ ಕಮ್ಮಿ ಇದ್ದಾಗ ಇಂಜಿನ್ ಸ್ಪೀಡ್ ತಾನೇ ಇಳಿಯುತ್ತೆ, ಪೆಟ್ರೋಲ್ ಉಳಿಯುತ್ತೆ, ಸದ್ದೂ ಕಮ್ಮಿ, ವೋಲ್ಟೇಜ್ ಕ್ಲೀನಾಗಿ ಬರುತ್ತೆ. ಮಾಮೂಲಿ ಜನರೇಟರ್ ಯಾವಾಗ್ಲೂ 3000 ಆರ್‌ಪಿಎಂನಲ್ಲೇ ಓಡ್ಬೇಕು. ನಿಮ್ಮನೇಲಿ ಮೆಡಿಕಲ್ ಮೆಷಿನ್ ಇರೋದ್ರಿಂದ ನಾನು ಇಷ್ಟು ಒತ್ತಿ ಹೇಳ್ತಿರೋದು. ಮತ್ತೆ ಯಾರಾದ್ರೂ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸೋ ಹಳೇ ಸೆಟ್ಟು ಕಮ್ಮಿಗೆ ಕೊಡ್ತೀನಿ ಅಂದ್ರೆ ಬೇಡ, ಈಗ ಸೀಮೆಎಣ್ಣೆ ಎಲ್ಲಿಂದ ತರ್ತೀರ.

ಕಾಫಿಗಿಡ_ಮಡಿಕೇರಿ
ವೈಂಡಿಂಗ್ ಅಣ್ಣ ಹೇಳಿದ್ದು ಸರಿ, ಆದ್ರೆ ಮಳೇಲಿ ನಿಜವಾದ ತೊಂದ್ರೆ ಪೆಟ್ರೋಲಿಂದು. 2018ರ ಆಗಸ್ಟಲ್ಲಿ ನಮ್ ಕಡೆ ರಸ್ತೆಗಳೇ ಕುಸಿದು ಹೋಗಿದ್ವು, ಜನರೇಟರ್ ಇದ್ದೂ ಬಂಕಿಗೆ ಹೋಗೋಕಾಗ್ದೆ ಕೂತವರು ಎಷ್ಟೋ ಜನ. ಇಂಥ ಸಣ್ಣ ಸೆಟ್ಟು ಕಮ್ಮಿ ಲೋಡಲ್ಲಿ ಗಂಟೆಗೆ ಅರ್ಧ ಲೀಟರ್ ಕುಡೀತು ಅಂದ್ಕೊಂಡ್ರೂ ದಿನಕ್ಕೆ 12 ಲೀಟರ್. ಸ್ವಂತಕ್ಕೆ ಲೈಸೆನ್ಸ್ ಇಲ್ದೆ ಇಟ್ಕೋಬಹುದಾದ್ದು 30 ಲೀಟರ್, ಅದೂ ಭದ್ರವಾದ ಮುಚ್ಚಳ ಇರೋ ಕ್ಯಾನಲ್ಲಿ, ಒಲೆ ಇರೋ ಕಡೆ ಅಲ್ಲ. ಅಂದ್ರೆ ಎರಡೂವರೆ ದಿನ. ಹಾಗಾಗಿ ಇಪ್ಪತ್ನಾಲ್ಕು ಗಂಟೆ ಜನರೇಟರ್ ಮೇಲೇ ನಿಲ್ಲೋ ಪ್ಲಾನ್ ಬೇಡ.

ಇನ್ನೊಂದು, ಈಗ ಬರೋ ಪೆಟ್ರೋಲಲ್ಲಿ 20% ಎಥೆನಾಲ್ ಇರುತ್ತೆ, ನೀರು ಎಳ್ಕೊಳ್ಳುತ್ತೆ, ನಮ್ಮ ಥಂಡಿ ಹವೆಗೆ ಕೇಳೋದೇ ಬೇಡ. ತುಂಬಿಸಿ ತಿಂಗಳುಗಟ್ಲೆ ಬಿಟ್ರೆ ಕಾರ್ಬೋರೇಟರ್ ಕಟ್ಕೊಂಡು ಬೇಕಾದ ದಿನ ಎಷ್ಟು ಹಗ್ಗ ಎಳೆದ್ರೂ ಸ್ಟಾರ್ಟ್ ಆಗಲ್ಲ. ತಿಂಗಳಿಗೊಂದ್ಸಲ ಒಂದ್ ಹದಿನೈದು ನಿಮಿಷ ಲೋಡ್ ಕೊಟ್ಟು ಓಡ್ಸಿ, ಮಳೆಗಾಲ ಮುಗಿದ್ಮೇಲೆ ಟ್ಯಾಂಕು ಕಾರ್ಬೋರೇಟರ್ ಎರಡೂ ಖಾಲಿ ಮಾಡಿಡಿ. ತಗೊಳ್ಳುವಾಗ ನಿಮ್ಮೂರಿಗೆ ಹತ್ರದಲ್ಲಿ ಸರ್ವಿಸ್ ಮಾಡೋರು ಇದಾರಾ ಕೇಳಿ, ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತು ಅಂತ ತರಿಸಿದ್ರೆ ಒಂದು ಸಣ್ಣ ಪಾರ್ಟಿಗೆ ಬೆಂಗಳೂರಿಗೆ ಓಡ್ಬೇಕಾಗುತ್ತೆ.

ಸ್ಟಾಫ್‌ನರ್ಸ್_ಮಂಗಳೂರು
ದಯವಿಟ್ಟು ಒಂದು ಆಕ್ಸಿಜನ್ ಸಿಲಿಂಡರ್ ಮನೇಲಿ ಇಟ್ಕೊಳ್ಳಿ, ಇದನ್ನ ಮರೀಬೇಡಿ. ಬಿ ಟೈಪ್ ಸಿಲಿಂಡರಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತೆ, ನಿಮಿಷಕ್ಕೆ 2 ಲೀಟರ್ ಅಂದ್ರೆ ಹನ್ನೆರಡು ಗಂಟೆ. ಹಗಲು ಜನರೇಟರ್, ರಾತ್ರಿ ಸಿಲಿಂಡರ್ ಅಂತ ಮಾಡಿದ್ರೆ ಪೆಟ್ರೋಲ್ ಅರ್ಧ ಉಳಿಯುತ್ತೆ, ಮಧ್ಯರಾತ್ರಿ ಮಳೇಲಿ ಯಾರೂ ಎದ್ದು ಪೆಟ್ರೋಲ್ ಹಾಕ್ಬೇಕಾಗಿಲ್ಲ. ರೆಗ್ಯುಲೇಟರ್ ಹಾಕೋದು ತೆಗೆಯೋದು ಮನೇಲಿ ಇಬ್ರಾದ್ರೂ ಕಲ್ತಿರಿ, ವಾಲ್ವಿಗೆ ಎಣ್ಣೆ ಗ್ರೀಸ್ ತಾಗಿಸ್ಬೇಡಿ, ಆ ರೂಮಲ್ಲಿ ದೀಪ ಊದುಬತ್ತಿ ಬೇಡ. ಕರೆಂಟ್ ಹೋದಾಗ ಫ್ಲೋ ಎಷ್ಟಿಡ್ಬೇಕು ಅಂತ ನಿಮ್ಮ ಡಾಕ್ಟ್ರ ಹತ್ರ ಈಗ್ಲೇ ಕೇಳಿ ಬರೆದಿಟ್ಕೊಳ್ಳಿ.

ಅಮ್ಮನ ಇನ್ಸುಲಿನ್‌ಗೆ ಅಷ್ಟು ಹೆದರ್ಬೇಡಿ. ಓಪನ್ ಮಾಡಿರೋ ಬಾಟ್ಲಿ 25-30 ಡಿಗ್ರಿ ಒಳಗಿದ್ರೆ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತೆ, ಮಳೆಗಾಲದಲ್ಲಿ ನಿಮ್ಮ ಕಡೆ ಅಷ್ಟು ಸೆಕೆ ಇರಲ್ಲ. ಓಪನ್ ಮಾಡದೇ ಇರೋದಕ್ಕೆ ಮಾತ್ರ ಫ್ರಿಜ್ ಬೇಕು, ಬಾಗಿಲು ಪದೇಪದೇ ತೆಗೀಬೇಡಿ.

ಆಗುಂಬೆ_ಸೈಡ್
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಸಿಲಿಂಡರ್ ವಿಷಯ ತಲೇಗೇ ಬಂದಿರ್ಲಿಲ್ಲ. 2.2 ಇನ್ವರ್ಟರ್ ಟೈಪೇ ನೋಡ್ತೀನಿ. ಹೊರಗೆ ಜಡಿಮಳೆ ಅಲ್ವಾ, ಬಚ್ಚಲುಮನೇಲಿ ಕಿಟಕಿ ತೆಗೆದಿಟ್ಟು ಓಡಿಸ್ಬಹುದಾ? ಮತ್ತೆ ಜನರೇಟರಿಂದ ಗೋಡೆ ಪ್ಲಗ್ಗಿಗೆ ವೈರ್ ಕೊಟ್ರೆ ಮನೆಗೆಲ್ಲ ಬರುತ್ತೆ ಅಂದ ಪಕ್ಕದ್ಮನೆಯವ್ನು.

ವೈಂಡಿಂಗ್_ಸಾಗರ
ಎರಡೂ ಬೇಡ ಸರ್, ಎರಡೂ ಜೀವ ತೆಗೆಯೋ ಕೆಲ್ಸ. ಇಂಜಿನ್ ಹೊಗೇಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ಕಿಟಕಿ ತೆಗೆದಿಟ್ರೂ ಸಾಕಾಗಲ್ಲ. ಬಚ್ಚಲು, ಜಗಲಿ, ಮನೆಗೆ ಅಂಟಿರೋ ಕೊಟ್ಟಿಗೆ ಯಾವ್ದೂ ಬೇಡ, ಅಪ್ಪಯ್ಯಂಗೆ ಮೊದ್ಲೇ ಉಸಿರಿನ ತೊಂದ್ರೆ. ಬಾಗಿಲು ಕಿಟಕಿಯಿಂದ 20 ಅಡಿ ಆಚೆ, ಮೇಲೆ ಮಾತ್ರ ತಗಡು ಇದ್ದು ನಾಲ್ಕೂ ಕಡೆ ತೆರೆದಿರೋ ಸಣ್ಣ ಚಪ್ಪರ ಹಾಕ್ಸಿ, ಕೆಳಗೆ ಕಲ್ಲು ಕಟ್ಟಿ ಎತ್ತರ ಮಾಡಿ, ಹೊಗೆ ಕೊಳವೆ ಮನೆಗೆ ಬೆನ್ನು ಹಾಕಿರ್ಲಿ.

ಪ್ಲಗ್ಗಿಗೆ ಕೊಟ್ರೆ ಕರೆಂಟು ಉಲ್ಟಾ ಲೈನಿಗೆ ಹೋಗುತ್ತೆ, ಕಂಬದ ಟ್ರಾನ್ಸ್‌ಫಾರ್ಮರಲ್ಲಿ ಮತ್ತೆ ಹೈವೋಲ್ಟೇಜ್ ಆಗುತ್ತೆ. ಆ ಮಳೇಲಿ ನಿಮಗೋಸ್ಕರಾನೇ ಕಂಬ ಹತ್ತಿರೋ ಲೈನ್‌ಮನ್ ಕೈಗೆ ಅದು ಹೊಡೆಯುತ್ತೆ. ಫೇಸು ನ್ಯೂಟ್ರಲ್ ಎರಡನ್ನೂ ಬದಲಾಯಿಸೋ ಡಬಲ್ ಪೋಲ್ ಚೇಂಜ್ ಓವರ್ ಸ್ವಿಚ್ಚು (ಒಂದ್ಸಲಕ್ಕೆ ಲೈನು ಇಲ್ಲಾ ಜನರೇಟರ್, ಒಂದೇ ಮನೆಗೆ ಸೇರೋ ಹಾಗೆ ಮಾಡೋ ಸ್ವಿಚ್ಚು) ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ರ ಹಾಕ್ಸಿ. ಅಲ್ಲೀವರೆಗೆ ಒಳ್ಳೇ ದಪ್ಪ ಕೇಬಲ್ ಎಳೆದು ಕಾನ್ಸಂಟ್ರೇಟರ್‌ಗೆ ನೇರ ಕೊಡಿ.

ಹಾಂ, ಜನರೇಟರ್ ಓಡ್ತಾ ಇರುವಾಗ ಮನೆ ಇನ್ವರ್ಟರ್ ಬ್ಯಾಟರೀನೂ ಚಾರ್ಜ್ ಆಗ್ಲಿ. ಚಾರ್ಜ್ ಹಿಡೀತಿಲ್ಲ ಅಂದ್ರೆ ಮನೆ ಇನ್ವರ್ಟರ್ ಹಿಂದ್ಗಡೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇರುತ್ತಲ್ಲ, ಅದನ್ನ ಇಕೋ ಅಥವಾ ನಾರ್ಮಲ್ ಮೋಡಿಗೆ ಹಾಕಿ ನೋಡಿ, ವೋಲ್ಟೇಜ್ ಸ್ವಲ್ಪ ಆಚೀಚೆ ಆದ್ರೂ ತಗೊಳ್ಳುತ್ತೆ. ಚಾರ್ಜರ್ ಲೋಡು ಒಂದು ಇನ್ನೂರು ವ್ಯಾಟ್ ಅಂತ ಲೆಕ್ಕಕ್ಕೆ ಸೇರಿಸ್ಕೊಳ್ಳಿ, 2.2ರಲ್ಲಿ ಆರಾಮಾಗಿ ಆಗುತ್ತೆ.