ಪರದೇಶದ ಖ್ಮೇರ್ (ಕಾಂಬೋಡಿಯಾ ಮೂಲದ) ಮಕ್ಕಳಿಗೆ ಪದ್ಯ, ನೃತ್ಯ ಕಲಿಸುವುದು: ಲಿಪಿ ಮೊದಲೋ, ಕಿವಿ ಮೊದಲೋ?

ಹೊಸಪಾಠ (ಪ್ರಶ್ನೆ):
ಅಮೆರಿಕದ ಲಾಂಗ್ ಬೀಚ್, ಲೋವೆಲ್‌ನಂಥ ಊರುಗಳಲ್ಲಿ ಇಂಗ್ಲಿಷಿನಲ್ಲೇ ಬೆಳೆದ ಖ್ಮೇರ್ ಮಕ್ಕಳಿಗೆ ಪದ್ಯವಾಚನವನ್ನೂ ಶಾಸ್ತ್ರೀಯ ನೃತ್ಯವನ್ನೂ ಒಟ್ಟಿಗೆ ಕಲಿಸಲು ವಾರಕ್ಕೆ ಎರಡು ಗಂಟೆ ಸಿಕ್ಕರೆ ಎಲ್ಲಿಂದ ಶುರು ಮಾಡಬೇಕು? ರೋಮನ್ ಅಕ್ಷರದಲ್ಲಿ ಬರೆದುಕೊಟ್ಟರೆ ಬೇಗ ಬಾಯಿಪಾಠ ಆಗುತ್ತದೆ, ಆದರೆ ಪ್ರಾಸವೇ ಕೇಳಿಸುವುದಿಲ್ಲ.

ಛಂದೋರಸಿಕ:
ರೋಮನ್ ಬಿಡಿ. ಖ್ಮೇರ್‌ನಲ್ಲಿ ವ್ಯಂಜನಗಳು ಎರಡು ವರ್ಗ. ಸ್ವರಚಿಹ್ನೆ ಒಂದೇ ಇದ್ದರೂ ವ್ಯಂಜನದ ವರ್ಗ ನೋಡಿ ಉಚ್ಚಾರ ಬದಲಾಗುತ್ತದೆ. ಅದೇ ದೀರ್ಘ ಚಿಹ್ನೆ ಒಂದು ವರ್ಗದ ಕಕಾರಕ್ಕೆ ಹತ್ತಿದರೆ ‘ಕಾ’, ಇನ್ನೊಂದಕ್ಕೆ ಹತ್ತಿದರೆ ಸುಮಾರಾಗಿ ‘ಕೀಅ’. ಪದದ ಕೊನೆಯ ರಕಾರ ಉಚ್ಚಾರದಲ್ಲಿ ಇರುವುದೇ ಇಲ್ಲ. ಪ್ರಾಸ ಕೂಡುವುದು ಬಾಯಲ್ಲಿ, ಕಾಗದದ ಮೇಲಲ್ಲ. ಒಬ್ಬೊಬ್ಬರು ಒಂದೊಂದು ಥರ ರೋಮನ್ ಬರೆದರೆ ಕೂಡುವ ಪ್ರಾಸವೂ ಕೂಡದಂತೆ ಕಾಣುತ್ತದೆ.

ಖ್ಮೇರ್ ಛಂದಸ್ಸಾದ ಪಥ್ಯಾವತ್‌ನಿಂದ ಶುರು ಮಾಡಿ: ನಾಲ್ಕು ಸಾಲು, ಸಾಲಿಗೆ ನಾಲ್ಕು ಅಕ್ಷರ, ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ಅಂತ್ಯಪ್ರಾಸ. ನಮ್ಮ ಆದಿಪ್ರಾಸದ ಕಿವಿಗೆ ಇದು ಹೊಸದು, ಸಾಲಿನ ಕೊನೆಗೇ ಕಿವಿ ಇಡಬೇಕು. ಪದ್ಯದ ಕೊನೆಯ ಅಕ್ಷರ ಮುಂದಿನ ಪದ್ಯದ ಪ್ರಾಸಕ್ಕೆ ಕೊಂಡಿ, ಹಾಗಾಗಿ ಎರಡೆರಡು ಪದ್ಯ ಜೋಡಿಯಾಗಿಯೇ ಕಲಿಸಿ. ಬಿಡಿಯಾಗಿ ಕಲಿತ ಮಕ್ಕಳಿಗೆ ಮೂರನೆಯ ಪದ್ಯಕ್ಕೆ ಬರುವಷ್ಟರಲ್ಲಿ ದಾರಿ ತಪ್ಪುತ್ತದೆ. ಏಳು ಸಾಲಿನ ಕಾಕಗತಿ ಛಂದಸ್ಸು ಆಮೇಲೆ. ಹಿರಿಯರಿಂದ ಪ್ರತಿ ಸಾಲನ್ನೂ ಎರಡು ಸಲ ರೆಕಾರ್ಡ್ ಮಾಡಿಸಿ: ಮೊದಲು ಬರೀ ಮಾತಿನಂತೆ, ಆಮೇಲೆ ರಾಗವಾಗಿ. ಸ್ಮೋತ್ ಎಂಬ ರಾಗದ ಪಠಣದ ಎಳೆತ, ಉಸಿರು ತೆಗೆದುಕೊಳ್ಳುವ ಜಾಗ ಯಾವ ಲಿಪಿಯಲ್ಲೂ ಇಲ್ಲ. 1975–79ರ ಖ್ಮೇರ್ ರೂಜ್ ಆಡಳಿತದಲ್ಲಿ ಗುರುಗಳನ್ನೇ ಕಳೆದುಕೊಂಡ ಪರಂಪರೆ ಇದು, ಈ ಕೆಲಸ ಮುಂದೆ ಹಾಕಬೇಡಿ.

ಹೆಜ್ಜೆಗುರುತು:
ನೃತ್ಯದ್ದು ಹೇಳುತ್ತೇನೆ. ಕುಣಿಯುವವರು ಹಾಡುವುದಿಲ್ಲ, ಪದ್ಯ ಮೇಳದ್ದು. ಅದಕ್ಕೇ ಮಕ್ಕಳು ಸಾಹಿತ್ಯವನ್ನು ಬಿಟ್ಟು ಎಣಿಕೆ ಹಿಡಿಯುತ್ತಾರೆ. ಮೊದಲು ಸಾಲು ಹೇಳಿಸಿ, ಆಮೇಲೆ ಕ್ಬಾಚ್, ಅಂದರೆ ನೃತ್ಯದ ಮುದ್ರೆಗಳು. ಎಲೆ, ಹೂವು, ಹಣ್ಣು ಎನ್ನುವ ಕೈಗಳನ್ನು ಒಂದರಿಂದ ಒಂದು ಅರಳುವಂತೆ ಕಲಿಸಬೇಕು. ಫೋಟೋ ನೋಡಿ ಕಲಿತರೆ ನಡುವಿನ ಚಲನೆಯೇ ಇರುವುದಿಲ್ಲ.

ಬೆರಳು ಹಿಂದಕ್ಕೆ ಬಾಗಿಸುವಾಗ ಕೈ ಬಿಸಿಯಾಗಿರಲಿ. ನಾಲ್ಕೂ ಬೆರಳನ್ನು ಬುಡದಿಂದ ಒಟ್ಟಿಗೆ ಒತ್ತಿ. ತುದಿ ಹಿಡಿದು ಎಳೆದರೆ ಗೆಣ್ಣು ನೋಯುತ್ತದೆ, ಬಾಗು ಬರುವುದಿಲ್ಲ. ದಿನಾ ಹತ್ತು ನಿಮಿಷ ಸಾಕು, ವಾರಕ್ಕೊಮ್ಮೆ ಒಂದು ಗಂಟೆ ಒತ್ತಿದರೆ ಪ್ರಯೋಜನವಿಲ್ಲ. ಅಭ್ಯಾಸಕ್ಕೂ ಸೊಂಟಕ್ಕೆ ಉಡುವ ಬಟ್ಟೆ ಸಂಪೋತ್‌ಗೆ ಕಚ್ಚೆ ಹಾಕಿಸಿಯೇ ನಿಲ್ಲಿಸಿ. ಪ್ಯಾಂಟಿನಲ್ಲಿ ಮಂಡಿ ಎಷ್ಟು ಮಡಿದಿದೆ ಎಂದು ಗೊತ್ತಾಗುವುದಿಲ್ಲ. ನಾಂಗ್ (ಸ್ತ್ರೀ), ನಾಯ್‌ರೋಂಗ್ (ಪುರುಷ), ಯಕ್ಷ, ಕಪಿ ಎಂಬ ನಾಲ್ಕು ಪಾತ್ರವರ್ಗಗಳಿಗೆ ನಿಲುವೇ ಬೇರೆ, ಮೈಕಟ್ಟು ನೋಡಿ ಬೇಗ ಹಂಚಿ.

ಹೊಸಪಾಠ:
ಪಿನ್‌ಪೀಟ್ ಮೇಳ (ನೃತ್ಯಕ್ಕೆ ನುಡಿಸುವ ವಾದ್ಯವೃಂದ) ಸಿಗದ ಕಡೆ ರೆಕಾರ್ಡ್ ಹಾಕಿದರೆ ಆಗದೇ?

ಮದ್ದಳೆಪೆಟ್ಟು:
ಹೆಜ್ಜೆ ಕಲಿಯಲು ಆದೀತು, ಪ್ರದರ್ಶನಕ್ಕೆ ಬೇಡ. ಮೇಳವನ್ನು ನಡೆಸುವುದು ಸಾಂಫೋ ಡೋಲು. ರೆಕಾರ್ಡಿಗೆ ಒಗ್ಗಿದವರು ಪೆಟ್ಟಿನ ಸೂಚನೆಗೆ ತಿರುಗುವುದಿಲ್ಲ, ಗಡಿಯಾರಕ್ಕೆ ತಿರುಗುತ್ತಾರೆ. ಒಂದು ಸಾಂಫೋ, ಒಂದು ಜೊತೆ ಛಿಂಗ್ ತಾಳ, ಸಾಲು ಹಾಡಲು ಇಬ್ಬರು ಇದ್ದರೂ ತರಗತಿ ನಡೆಯುತ್ತದೆ. ಕೀಬೋರ್ಡ್ ಸೇರಿಸಬೇಡಿ: ಕೋಲಿನಿಂದ ಬಾರಿಸುವ 21 ಪಟ್ಟಿಗಳ ವಾದ್ಯ ರೋನಿಯತ್ ಏಕ್‌ನಲ್ಲಿ ಸಪ್ತಕದ ಏಳು ಸ್ವರಗಳ ಅಂತರ ಹೆಚ್ಚುಕಡಿಮೆ ಸಮ, ಅದು ಹಾರ್ಮೋನಿಯಂ ಶ್ರುತಿಗೆ ಕೂರುವುದಿಲ್ಲ. ಸಾಂಫೋಗೆ ಅನ್ನ, ಬೂದಿ ಅರೆದ ಕಣಕ ಮೆತ್ತಿ ಶ್ರುತಿ ಇಳಿಸುತ್ತಾರೆ, ಮೃದಂಗದ ಎಡಕ್ಕೆ ರವೆ ಹಚ್ಚಿದ ಹಾಗೆ. ಲೋವೆಲ್ ಚಳಿಗಾಲದಲ್ಲಿ ಹೀಟರ್ ಗಾಳಿಗೆ ಕಣಕ ಒಣಗಿ ಉದುರುತ್ತದೆ, ತೊಗಲು ಬಿಗಿದು ಶ್ರುತಿ ಏರುತ್ತದೆ. ನುಡಿಸುವ ಮೊದಲು ಹೊಸದಾಗಿ ಮೆತ್ತಿ, ಮುಗಿದ ಕೂಡಲೇ ಒರೆಸಿ ತೆಗೆಯಿರಿ.