ಪದ ಬೇಕು (ತುರ್ತು): ಬ್ರೆಜಿಲ್‌ನ ‘ಕ್ವಿಲೊಂಬೊ’

ಎಲ್ಲರಿಗೂ ನಮಸ್ಕಾರ. ಒಂದು ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು: ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡ ಆಫ್ರಿಕನ್ನರು ಕಾಡಿನಲ್ಲಿ ಕಟ್ಟಿದ ಪಾಲ್ಮಾರೆಸ್ ಎಂಬ ಕ್ವಿಲೊಂಬೊ. ಅದರ ನಾಯಕ ಜುಂಬಿಯನ್ನು 1695ರ ನವೆಂಬರ್ 20ರಂದು ಕೊಂದರು. ಇನ್ನೊಂದು: ಇಂದಿನ ಕ್ವಿಲೊಂಬೊ ಜನರಿಗೆ ಅವರ ನೆಲದ ಹಕ್ಕುಪತ್ರ ಕೊಡಬೇಕು ಎಂದ 1988ರ ಸಂವಿಧಾನ. ಎರಡಕ್ಕೂ ಹೊಂದುವ ಪದ ಬೇಕು. ‘ಗುಲಾಮರ ಕೇರಿ’ ಅಂತ ಬರೆದಿದ್ದೆ, ಓದಿದರೆ ಮುಜುಗರ ಆಗುತ್ತದೆ.
– ವಿ.

ಕ್ವಿಲೊಂಬೊ ಅಲ್ಲ, ಕಿಲೊಂಬೊ. ಪೋರ್ಚುಗೀಸಿನಲ್ಲಿ ಅಲ್ಲಿ ವಕಾರ ಇಲ್ಲ. ಮೂಲ ಅಂಗೋಲಾದ ಕಿಂಬುಂದು ನುಡಿ. ಅಲ್ಲಿ ಅದು ಇಂಬಾಂಗಾಲ ಪಡೆಗಳು ಇಳಿದುಕೊಳ್ಳುತ್ತಿದ್ದ ಜಾಗ. ಅಂದರೆ ನಮ್ಮ ಬೀಡು! ದಂಡು ಇಳಿದದ್ದೂ ಬೀಡು, ನೆಲೆ ನಿಂತದ್ದೂ ಬೀಡು. ಬಿಡುಗಡೆಗೂ ಅದೇ ಬೇರು. ಇನ್ನೇನು ಬೇಕು?
– ಶಂ.

ತುಳುನಾಡಿನಲ್ಲಿ ಬೀಡು ಅಂದರೆ ಬಲ್ಲಾಳರ ಮನೆ. ಧಣಿಯಿಂದ ತಪ್ಪಿಸಿಕೊಂಡವರ ಊರಿಗೆ ಧಣಿಯ ಮನೆಯದೇ ಹೆಸರಾ?
– ಪ್ರ.

ಸುಮ್ನೆ ‘ಮರೂನ್ ನೆಲೆ’ ಅನ್ನಿ. ಜಮೈಕಾದಲ್ಲಿ ಇಂಥವರೇ ಮರೂನರು. 1739ರಲ್ಲಿ ಬ್ರಿಟಿಷರು ಸೋಲಿಸಲಾಗದೆ ಅವರ ಜೊತೆ ಒಪ್ಪಂದ ಮಾಡಿಕೊಂಡರು.
– ರಾ.

ಮರೂನ್ ಅಂದರೆ ಓದುವವರಿಗೆ ಸೀರೆ ಬಣ್ಣ ನೆನಪಾಗುತ್ತದೆ. ಅದೂ ಅಲ್ಲದೆ, ಅದರ ಸ್ಪ್ಯಾನಿಷ್ ಮೂಲ ಪದವನ್ನು ತಪ್ಪಿಸಿಕೊಂಡು ಕಾಡು ಸೇರಿದ ದನಗಳಿಗೆ ಬಳಸುತ್ತಿದ್ದರು. ಅಂದರೆ ಯಜಮಾನರು ಇಟ್ಟ ಹೆಸರು. ಕಿಲೊಂಬೊ ಹಾಗಲ್ಲ, ಆ ಜನರ ಬಾಯಲ್ಲೇ ಸಮುದ್ರ ದಾಟಿ ಬಂದ ಪದ. ಹಾಗೇ ಇಡಿ.
– ಪ್ರ.

‘ಹಾಗೇ ಇಡಿ’ ಅನ್ನುವುದು ಸೋಮಾರಿತನ. ಇಟ್ಟೂ ಇಟ್ಟೂ ಕನ್ನಡದಲ್ಲಿ ಕನ್ನಡವೇ ಕಾಣದಂತಾಗಿದೆ. ಗುಲಾಮ ಕೂಡ ಅರಬಿ. ನಮ್ಮದೇ ‘ತೊತ್ತು’ ಎಲ್ಲಿ ಹೋಯಿತು?
– ಶಂ.

ತೊತ್ತು ಬೈಗುಳವಾಗಿ ಎಷ್ಟು ಕಾಲವಾಯಿತು, ಸಾರ್. ಫಲಕಕ್ಕೆ ಹಾಕಿಸಬೇಡಿ. ನೀವು ಅನಾನಸ್ ತಿನ್ನುತ್ತೀರಿ, ಅಲ್ವಾ? ಅದು ಬ್ರೆಜಿಲ್‌ನ ತುಪಿ ಜನರ ಪದ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಚಾವಿ, ಪಗಾರ ಕೂಡ ಅವರ ಮೂಲಕವೇ ಬಂದವು. ಇವುಗಳಿಂದ ಕನ್ನಡಕ್ಕೆ ಏನು ಕೇಡಾಯಿತು?
– ಪ್ರ.

ಅನಾನಸ್ ಹಣ್ಣು ಇಲ್ಲಿ ಇರಲಿಲ್ಲ, ಹೆಸರೂ ಇರಲಿಲ್ಲ. ಜನ ಸೇರಿ ನೆಲೆ ನಿಲ್ಲುವುದು ಇಲ್ಲಿ ಇರಲಿಲ್ಲವೇ?
– ಶಂ.

ಯಲ್ಲಾಪುರದ ಕಡೆಯವಳು ನಾನು. ಇಲ್ಲಿನ ಸಿದ್ದಿಗಳ ಹಿರಿಯರಲ್ಲಿ ಹಲವರು ಗೋವಾದ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಿರುವ ಜಾಗಕ್ಕೆ ಎಲ್ಲರಂತೆ ಊರು ಅಂತಲೇ ಅನ್ನುತ್ತೇವೆ. ಮೊದಲ ಸಲ ‘ಕಿಲೊಂಬೊ, ಅಂದರೆ ತಪ್ಪಿಸಿಕೊಂಡವರು ಕಟ್ಟಿಕೊಂಡ ಊರು’ ಅಂತ ಬರೆದರೆ ಸಾಕು. ಎರಡನೇ ಫಲಕಕ್ಕೆ ಈ ವಿವರಣೆ ಹಾಕಬೇಡಿ. ಇಂದಿನ ಕಿಲೊಂಬೊಗಳಲ್ಲಿ ಎಲ್ಲವೂ ಓಡಿಬಂದವರದ್ದಲ್ಲ. ಕೊಂಡ ನೆಲದಲ್ಲೋ ದಾನವಾಗಿ ಬಂದ ನೆಲದಲ್ಲೋ ಶುರುವಾದವೂ ಇವೆ.
– ಮಾ.

ಮಾ. ಅವರೇ, ತುಂಬಾ ಥ್ಯಾಂಕ್ಸ್. ಎರಡನೆಯದಕ್ಕೆ ಬರೀ ‘ಕಿಲೊಂಬೊ ಸಮುದಾಯಗಳು’ ಅಂತ ಹಾಕಿ ಕಳಿಸುತ್ತಿದ್ದೇನೆ.
– ವಿ.

ಜಾಗ ಮಿಕ್ಕಿದ್ದರೆ ‘ಬೀಡು’ ಅಂತಲೂ ಸೇರಿಸಿ.
– ಶಂ.

ಮಿಕ್ಕಿಲ್ಲ, ಸಾರ್.
– ವಿ.